ಮೂರು ಸಲವೂ ಉಳಿಯಲಿಲ್ಲ: ಓದುಗರ ಪ್ರಶ್ನೆ, ವೈದ್ಯೆಯ ಉತ್ತರ

ಪ್ರಶ್ನೆ: ಡಾಕ್ಟರಮ್ಮನಿಗೆ ನಮಸ್ಕಾರ. ನನಗೆ 31 ವರ್ಷ, ಮದುವೆಯಾಗಿ ಆರು ವರ್ಷ. ಮೂರು ಸಲ ಗರ್ಭ ನಿಂತಿತು, ಮೂರು ಸಲವೂ ಉಳಿಯಲಿಲ್ಲ. ಮೊದಲನೆಯದು ಏಳನೇ ವಾರ, ಎರಡನೆಯದು ಒಂಬತ್ತು, ಈ ಸಂಕ್ರಾಂತಿಯ ಮರುವಾರ ಹೋದದ್ದು ಎಂಟನೇ ವಾರ. ಎರಡು ಸಲ ಸ್ಕ್ಯಾನಿಂಗ್‌ನಲ್ಲಿ ಹೃದಯ ಬಡಿತ ಕಂಡು ಆಮೇಲೆ ನಿಂತುಹೋಯಿತು. ಮದುವೆಯ ಹೊತ್ತಿಗೆ 57 ಕೆ.ಜಿ. ಇದ್ದೆ, ಈಗ 68. ಎತ್ತರ ಐದು ಅಡಿ ಒಂದು ಅಂಗುಲ. ಮುಟ್ಟು 45 ದಿನಕ್ಕೊಮ್ಮೆ, ಒಮ್ಮೊಮ್ಮೆ ಎರಡು ತಿಂಗಳಿಗೆ. ಪ್ರತಿ ಸಲವೂ ಅಮ್ಮ ತವರಿಗೆ ಕರೆದೊಯ್ದು ಬಾಣಂತಿಯಂತೆ ಮೂರು ತಿಂಗಳು ಮಲಗಿಸಿ, ತುಪ್ಪ, ಅಂಟಿನುಂಡೆ ಕೊಟ್ಟು ನೋಡಿಕೊಂಡರು. ಸೋಂಕು ನೋಡುವ ಟಾರ್ಚ್ ಪರೀಕ್ಷೆಯಲ್ಲಿ ಒಂದು ಪಾಸಿಟಿವ್ ಬಂದು ಅದಕ್ಕೆ ಮಾತ್ರೆ ನುಂಗಿದ್ದೇನೆ. ಥೈರಾಯ್ಡ್ ಟಿಎಸ್‌ಎಚ್ 3.1. ಖಾಲಿ ಹೊಟ್ಟೆಯ ಸಕ್ಕರೆ 108, ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ 6.1, ಎರಡಕ್ಕೂ 'ಬಾರ್ಡರ್, ಚಿಂತೆಯಿಲ್ಲ' ಎಂದರು. ಹಿಮೋಗ್ಲೋಬಿನ್ 9.4. ಕತ್ತಿನ ಹಿಂದೆ, ಕಂಕುಳಲ್ಲಿ ಕಪ್ಪಾಗಿದೆ. ಮಾಂಗಲ್ಯದ ಸರ ಉಜ್ಜಿ ಹಾಗಾಗಿದೆ ಎಂದು ಅತ್ತೆ ಹೇಳುತ್ತಾರೆ. ಇದನ್ನೇಕೆ ಬರೆಯುತ್ತಿದ್ದೇನೋ ಗೊತ್ತಿಲ್ಲ. ಸ್ಕೂಟರ್ ಓಡಿಸಿದ್ದರಿಂದಲೇ ಹೀಗಾಯಿತು ಎಂದು ಮನೆಯಲ್ಲಿ ಮಾತು. ನನ್ನ ಗರ್ಭಕೋಶಕ್ಕೇ ಶಕ್ತಿ ಇಲ್ಲವೇ? ಗರ್ಭ ನಿಲ್ಲುವ ಇಂಜೆಕ್ಷನ್ ಇದೆಯಂತೆ, ಅದನ್ನು ಮೊದಲೇ ಹಾಕಿಸಿಕೊಳ್ಳಬಹುದೇ?
– ಹೆಸರು ಬೇಡ, ಹಾಸನ ಜಿಲ್ಲೆ

ಉತ್ತರ: ಏಕೆ ಬರೆದಿರೋ ಗೊತ್ತಿಲ್ಲ ಎಂದಿರಲ್ಲ, ಆ ಸಾಲಿನಿಂದಲೇ ಶುರು ಮಾಡುತ್ತೇನೆ. ಸರ ಉಜ್ಜಿ ಕಪ್ಪಾಗುವುದಾದರೆ ಕತ್ತಿನ ಸುತ್ತ ಒಂದು ಗೆರೆ ಬೀಳಬೇಕಿತ್ತು. ಕಂಕುಳಿಗೆ ಯಾವ ಸರ ಹಾಕಿದ್ದೀರಿ? ಕನ್ನಡಿಯ ಮುಂದೆ ನಿಂತು ಆ ಜಾಗವನ್ನು ಬೆರಳಿನಿಂದ ಸವರಿ ನೋಡಿ. ಚರ್ಮ ಮಖಮಲ್ಲಿನಂತೆ ದಪ್ಪಗೆ, ಮಡಿಕೆ ಮಡಿಕೆಯಾಗಿ ಸಿಗುತ್ತಿದ್ದರೆ, ಸೋಪು ಹಾಕಿ ಎಷ್ಟು ತಿಕ್ಕಿದರೂ ಬಣ್ಣ ಬಿಡದಿದ್ದರೆ, ಅದು ಕೊಳೆಯೂ ಅಲ್ಲ, ಸರದ ಗುರುತೂ ಅಲ್ಲ. ಅಕಾಂಥೋಸಿಸ್ ನೈಗ್ರಿಕನ್ಸ್ ಎಂಬ ದೊಡ್ಡ ಹೆಸರಿನ ಈ ಕಪ್ಪು, ರಕ್ತದಲ್ಲಿ ಇನ್ಸುಲಿನ್ ಬೇಕಾದ್ದಕ್ಕಿಂತ ಹೆಚ್ಚು ಓಡಾಡುತ್ತಿದೆ ಎಂದು ಹೇಳುವ ಗುರುತು. ಮೂವತ್ತು ವರ್ಷಗಳಿಂದ ನನ್ನ ಮುಂದಿನ ಕುರ್ಚಿಯಲ್ಲಿ ಕುಳಿತ ಹೆಣ್ಣುಮಕ್ಕಳು ಸೆರಗನ್ನು ಕತ್ತಿನ ಮೇಲೆ ಎಳೆದುಕೊಂಡು ಮುಚ್ಚಿಡುವುದು ಇದನ್ನೇ. ನೀವು ಬರೆದು ಹೇಳಿದಿರಿ, ಒಳ್ಳೆಯದೇ ಆಯಿತು.

ಇನ್ಸುಲಿನ್ ಎಷ್ಟು ಬಾಗಿಲು ತಟ್ಟಿದರೂ ಮಾಂಸಖಂಡಗಳು ಸಕ್ಕರೆಯನ್ನು ಸುಲಭವಾಗಿ ಒಳಗೆ ಬಿಟ್ಟುಕೊಳ್ಳುತ್ತಿಲ್ಲ. ಹಾಗಾಗಿ ಮೇದೋಜ್ಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸುರಿಯುತ್ತದೆ. ಈ ಹೆಚ್ಚುವರಿ ಇನ್ಸುಲಿನ್ ಅಂಡಾಶಯದಲ್ಲಿ ಗಂಡು ಹಾರ್ಮೋನನ್ನು ಏರಿಸಿ ಅಂಡ ಸರಿಯಾದ ಹೊತ್ತಿಗೆ ಮಾಗುವುದನ್ನು ಕೆಡಿಸುತ್ತದೆ. ನಿಮ್ಮ 45–60 ದಿನದ ಮುಟ್ಟು, ಜನ ಪಿಸಿಒಡಿ ಎನ್ನುವ ಅಂಡಾಶಯದ ತೊಂದರೆ, ಎಲ್ಲ ಇದೇ ಬಳ್ಳಿಯ ಕಾಯಿಗಳು. ನಿಮ್ಮ ಬಿಎಂಐ, ಅಂದರೆ ಎತ್ತರಕ್ಕೆ ತೂಕ ಎಷ್ಟಿದೆ ಎಂಬ ಅಳತೆ, 28ಕ್ಕೆ ಸ್ವಲ್ಪ ಮೇಲಿದೆ. ಬಿಳಿಯರ ಅಳತೆಯಲ್ಲಿ ಅದು 'ತುಸು ದಪ್ಪ', ಆದರೆ ನಮ್ಮವರಿಗೆ 23 ದಾಟಿದರೆ ಅಧಿಕ ತೂಕ, 25 ದಾಟಿದರೆ ಬೊಜ್ಜು ಎಂದೇ ಲೆಕ್ಕ. ಹೆಂಗಸರ ಸೊಂಟದ ಸುತ್ತಳತೆ 80 ಸೆಂ.ಮೀ. ಮೀರಬಾರದು. ದರ್ಜಿಯ ಟೇಪಿನಲ್ಲಿ ಇವತ್ತೇ ಅಳೆದುಕೊಳ್ಳಿ.

'ಬಾರ್ಡರ್, ಚಿಂತೆಯಿಲ್ಲ' ಎಂಬ ಮಾತು ನನಗೆ ಹಿಡಿಸುವುದಿಲ್ಲ. ಖಾಲಿ ಹೊಟ್ಟೆಯಲ್ಲಿ 100ರಿಂದ 125, ಎಚ್‌ಬಿಎ1ಸಿ 5.7ರಿಂದ 6.4, ಇದು ಮಧುಮೇಹದ ಹಿಂದಿನ ಮೆಟ್ಟಿಲು. ನಿಮ್ಮವು ಎರಡೂ ಅದರ ಮೇಲೇ ನಿಂತಿವೆ. ಆದರೂ ಒಂದು ತೊಡಕಿದೆ. ಕಬ್ಬಿಣದ ಕೊರತೆಯಿಂದ ರಕ್ತಹೀನತೆ ಇದ್ದವರಲ್ಲಿ ಎಚ್‌ಬಿಎ1ಸಿ ಇರುವುದಕ್ಕಿಂತ ಹೆಚ್ಚು ತೋರಿಸುವುದುಂಟು, ನಿಮ್ಮ ಹಿಮೋಗ್ಲೋಬಿನ್ ನೋಡಿದರೆ 9.4. ಹೀಗಾಗಿ ಆ ಒಂದು ಅಂಕಿಯನ್ನೇ ನಂಬಿ ಕೂರಬೇಡಿ. 75 ಗ್ರಾಂ ಗ್ಲುಕೋಸ್ ಕುಡಿದು ಎರಡು ಗಂಟೆಯ ನಂತರ ರಕ್ತ ಕೊಡುವ ಪರೀಕ್ಷೆ ಮಾಡಿಸಿ. ಅದರಲ್ಲಿ 140 ದಾಟಿದರೆ ಸಂಶಯವೇ ಇಲ್ಲ. ಹಿಮೋಗ್ಲೋಬಿನ್ ಅನ್ನೂ ಈಗಲೇ ಸರಿ ಮಾಡಿಕೊಳ್ಳಿ, ಗರ್ಭ ನಿಂತ ಮೇಲೆ ನೋಡೋಣ ಎನ್ನಬೇಡಿ.

ನಮ್ಮಲ್ಲಿ ಎಲ್ಲವನ್ನೂ 'ಗರ್ಭ ನಿಂತ ಮೇಲೆ' ನೋಡುವುದೇ ರೂಢಿ. ನಿಂತ ದಿನದಿಂದ ಆಶಾ ಕಾರ್ಯಕರ್ತೆ ಬರುತ್ತಾಳೆ, ತಾಯಿ ಕಾರ್ಡ್ ಸಿಗುತ್ತದೆ, ಅದರಲ್ಲಿ ತೂಕ, ಬಿ.ಪಿ., ಸಕ್ಕರೆ ಬರೆಯಲು ಮನೆಗಳಿರುತ್ತವೆ. ಗರ್ಭ ಹೋಯಿತೋ, ಕಾರ್ಡು ಬೀರುವಿನ ತಳಕ್ಕೆ. ಎರಡು ಗರ್ಭಗಳ ನಡುವಿನ ಒಂದೂವರೆ ವರ್ಷ ನಿಮ್ಮನ್ನು ಯಾರು ತೂಗಿದರು? ಯಾರು ಸಕ್ಕರೆ ನೋಡಿದರು? ಮಗುವಿನ ಹೃದಯ, ಬೆನ್ನುಹುರಿ ರೂಪುಗೊಳ್ಳುವುದು ಮೊದಲ ಏಳೆಂಟು ವಾರಗಳಲ್ಲಿ. ಆ ಹೊತ್ತಿಗೆ ನಿಮ್ಮಂಥವರಿಗೆ ಮುಟ್ಟು ತಪ್ಪಿದ್ದೇ ಗೊತ್ತಾಗಿರುವುದಿಲ್ಲ, ಎರಡು ತಿಂಗಳಿಗೆ ಆಗುವ ಮುಟ್ಟು ತಾನೇ! ಸಕ್ಕರೆ ತೀರ ಏರಿದ್ದರೆ ಆ ಎಳೆಯ ಭ್ರೂಣಕ್ಕೆ ಪೆಟ್ಟು ಬೀಳುವುದು ಅಲ್ಲೇ, ಗರ್ಭಪಾತವೂ ಅಂಗವೈಕಲ್ಯವೂ ಹೆಚ್ಚುವುದು ಅಲ್ಲೇ. ಆಮೇಲೆ ಓಡಿಬಂದ ನಮ್ಮ ಕೈಯಲ್ಲಿ ಹೆಚ್ಚೇನೂ ಉಳಿದಿರುವುದಿಲ್ಲ. ಅದಕ್ಕೇ ನಿಮಗೆ ಹೇಳುವುದು, ನಿಮ್ಮ ಚಿಕಿತ್ಸೆ ಈ ಖಾಲಿ ತಿಂಗಳುಗಳಲ್ಲೇ ಆಗಬೇಕು.

ಇದನ್ನು ನಾನು ಕಲಿತದ್ದು ತಪ್ಪು ಮಾಡಿ. ಬಹಳ ವರ್ಷಗಳ ಹಿಂದೆ ಒಬ್ಬ ಶಿಕ್ಷಕಿ ಬರುತ್ತಿದ್ದರು, 46 ಕೆ.ಜಿ., ಕಡ್ಡಿಯಂಥ ಮೈ. ಎರಡು ಸಲ ಹೋಗಿತ್ತು. ಎಲ್ಲ ಪರೀಕ್ಷೆ ಬರೆದುಕೊಟ್ಟ ನಾನು ಸಕ್ಕರೆಯದನ್ನು ಮಾತ್ರ ಬರೆಯಲಿಲ್ಲ, ಇಷ್ಟು ತೆಳ್ಳಗಿರುವವಳಿಗೆ ಏನು ಸಕ್ಕರೆ ಎಂದು. ಅವರ ತಾಯಿಗೆ ಮಧುಮೇಹ ಇದೆಯೇ ಎಂದೂ ಕೇಳಲಿಲ್ಲ. ಮೂರನೇ ಸಲ ಎಂಟನೇ ವಾರದಲ್ಲಿ ಬಂದಾಗ ಎಚ್‌ಬಿಎ1ಸಿ 9.4 ಇತ್ತು. ಆ ಗರ್ಭವೂ ಉಳಿಯಲಿಲ್ಲ. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ನಮ್ಮವರ ಮೈಯನ್ನು 'ತೆಳ್ಳಗಿದ್ದೂ ಕೊಬ್ಬಿನದು' ಎಂದು ತೋರಿಸಿಕೊಟ್ಟದ್ದನ್ನು ಓದಿದಾಗಲೆಲ್ಲ ಆ ಹೆಣ್ಣುಮಗಳ ಮುಖ ನೆನಪಾಗುತ್ತದೆ. ತೆಳ್ಳಗಿರುವ ಓದುಗರೂ ಈ ಉತ್ತರವನ್ನು ತಮ್ಮದಲ್ಲವೆಂದು ದಾಟಿ ಹೋಗಬೇಡಿ.

ಹಾಗೆಂದು ನಿಮ್ಮ ಮೂರೂ ನಷ್ಟಗಳಿಗೆ ಸಕ್ಕರೆಯೇ ಕಾರಣವೆಂದು ನಾನು ಬರೆದುಕೊಡಲಾರೆ. ನಿಮ್ಮ 6.1 ಎಂಬುದು ಆ ಶಿಕ್ಷಕಿಯ 9.4 ಅಲ್ಲ. ಆರಂಭದಲ್ಲಿ ಹೋಗುವ ಗರ್ಭಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಭ್ರೂಣದ ವರ್ಣತಂತುಗಳ (ಕ್ರೋಮೋಸೋಮ್) ಎಣಿಕೆಯೇ ತಪ್ಪಿರುತ್ತದೆ. ಅದಕ್ಕೆ ಸ್ಕೂಟರೂ ಕಾರಣವಲ್ಲ, ಅಂಟಿನುಂಡೆಯೂ ಅಲ್ಲ, ನೀವಂತೂ ಅಲ್ಲ. ಮೂರನೆಯ ಸಲ ಗರ್ಭಕೋಶ ಸ್ವಚ್ಛ ಮಾಡಿಸಿದಾಗ ತೆಗೆದದ್ದನ್ನು ಎಲ್ಲಿಗೆ ಕಳುಹಿಸಿದರು? ಸಾಮಾನ್ಯವಾಗಿ ಫಾರ್ಮಲಿನ್ ತುಂಬಿದ ಡಬ್ಬಿಗೆ ಹಾಕಿ ಕಳುಹಿಸುತ್ತಾರೆ. ವಾರದ ನಂತರ 'ಗರ್ಭದ ಅಂಶಗಳು ಕಂಡುಬಂದಿವೆ' ಎಂದು ವರದಿ ಬರುತ್ತದೆ, ನಿಮಗೆ ಮೊದಲೇ ಗೊತ್ತಿದ್ದದ್ದು. ಫಾರ್ಮಲಿನ್‌ಗೆ ಬಿದ್ದ ಜೀವಕೋಶಗಳನ್ನು ಬೆಳೆಸಿ ವರ್ಣತಂತು ನೋಡಲಾಗುವುದಿಲ್ಲ. ಅದಕ್ಕೆ ಶುದ್ಧ ಸಲೈನ್‌ನಲ್ಲಿ ಹಾಕಿ ಬೇಗ ತಲುಪಿಸಬೇಕು. ಮತ್ತೆ ಹಾಗಾಗದಿರಲಿ, ಆದರೆ ಅಂಥ ದಿನ ಬಂದರೆ ಡಬ್ಬಿಯಲ್ಲಿ ಏನು ತುಂಬಿದ್ದಾರೆಂದು ಕೇಳುವ ಕೆಲಸವನ್ನು ಯಜಮಾನರಿಗೆ ಈಗಲೇ ಒಪ್ಪಿಸಿಡಿ. ನಿಮಗೆ ಆಗ ಕೇಳುವ ಸ್ಥಿತಿ ಇರುವುದಿಲ್ಲ.

ಟಾರ್ಚ್ ಪರೀಕ್ಷೆಯನ್ನು ನಾನೂ ಒಂದು ಕಾಲದಲ್ಲಿ ಕಣ್ಣು ಮುಚ್ಚಿ ಬರೆದವಳೇ. ಹೆಸರಿಗೆ ಟಾರ್ಚು, ಬೆಳಕು ಮಾತ್ರ ಇಲ್ಲ. ಅದರಲ್ಲಿ ಬರುವ ಐಜಿಜಿ ಎಂಬ ಪ್ರತಿಕಾಯ ಪಾಸಿಟಿವ್ ಎಂದರೆ ಎಂದೋ ಬಂದುಹೋದ ಸೋಂಕಿನ ಗುರುತು. ಪದೇ ಪದೇ ಆಗುವ ಗರ್ಭಪಾತಕ್ಕೆ ಆ ಪರೀಕ್ಷೆ ಬೇಡವೆಂದು ಬ್ರಿಟನ್ನಿನ ರಾಯಲ್ ಕಾಲೇಜಿನ ಸ್ತ್ರೀರೋಗ ತಜ್ಞರು ಹೇಳಿ ಎಷ್ಟೋ ವರ್ಷಗಳಾದವು. ಮಾಡಿಸಬೇಕಾದದ್ದು ನಿಮ್ಮ ಪಟ್ಟಿಯಲ್ಲಿ ಕಾಣಿಸುತ್ತಿಲ್ಲ. ರಕ್ತ ಹೆಪ್ಪುಗಟ್ಟಿಸುವ ಪ್ರತಿಕಾಯಗಳನ್ನು ಹುಡುಕುವ ಆಂಟಿಫಾಸ್ಫೋಲಿಪಿಡ್ ಪರೀಕ್ಷೆ, ಅಂದರೆ ಲೂಪಸ್ ಆಂಟಿಕೋಯಾಗ್ಯುಲೆಂಟ್, ಆಂಟಿಕಾರ್ಡಿಯೋಲಿಪಿನ್, ಬೀಟಾ-2 ಗ್ಲೈಕೊಪ್ರೋಟೀನ್ ವಿರುದ್ಧದ ಪ್ರತಿಕಾಯ, ಈ ಮೂರು. ಪಾಸಿಟಿವ್ ಬಂದರೆ 12 ವಾರ ಬಿಟ್ಟು ಮತ್ತೆ ಮಾಡಿಸಬೇಕು, ಆಗಲೂ ಬಂದರೆ ಮಾತ್ರ ನಿಜ. ನಿಜವಾಗಿದ್ದರೆ ಸಣ್ಣ ಪ್ರಮಾಣದ ಆಸ್ಪಿರಿನ್ ಮತ್ತು ಹೆಪಾರಿನ್ ಚುಚ್ಚುಮದ್ದು ಕೆಲಸ ಮಾಡುತ್ತವೆ. ಇದರ ಜೊತೆಗೆ ಗರ್ಭಕೋಶದ ಒಳಗೆ ಅಡ್ಡಗೋಡೆಯಿದೆಯೇ ಎಂದು ಒಂದು ತ್ರೀಡಿ ಸ್ಕ್ಯಾನ್. ನಿಮ್ಮ ಟಿಎಸ್‌ಎಚ್ ಬಗ್ಗೆ ನನಗೆ ಚಿಂತೆಯಿಲ್ಲ.

ಇನ್ನು ಅಮ್ಮನ ಆರೈಕೆ. ಇದನ್ನು ಹೇಗೆ ಬರೆಯಲಿ ಎಂದು ಎರಡು ದಿನ ಯೋಚಿಸಿದೆ, ಏಕೆಂದರೆ ಆ ತಾಯಿಯೂ ಇದನ್ನು ಓದುತ್ತಾರೆ. ಲೆಕ್ಕ ಹಾಕಿ ನೋಡಿ: ಆರು ವರ್ಷದಲ್ಲಿ 11 ಕೆ.ಜಿ., ಮೂರು ಆರೈಕೆ. ಹೆರಿಗೆಯಾದವಳ ಮೈಯಿಂದ ಹಾಲು ಹೋಗುತ್ತದೆ, ರಾತ್ರಿ ನಾಲ್ಕು ಸಲ ಏಳುತ್ತಾಳೆ. ಮಡಿಲು ಬರಿದಾದವಳಿಗೆ ಅದೇ ತುಪ್ಪ, ಅದೇ ಬೆಲ್ಲ, ಅದೇ ಕೊಬ್ಬರಿ ಕೊಟ್ಟು ಮಲಗಿಸಿದರೆ ಅದು ಎಲ್ಲಿಗೆ ಹೋಗಬೇಕು? ಮಲಗುವುದರಿಂದ ಗರ್ಭ ಉಳಿಯುತ್ತದೆ ಎಂಬುದಕ್ಕೂ ಆಧಾರವಿಲ್ಲ. ಅಮ್ಮಾ, ನಿಮ್ಮ ಮಗಳಿಗೆ ಆ ದಿನಗಳಲ್ಲಿ ಬೇಕಾದದ್ದು ನಿಮ್ಮ ಪಕ್ಕದಲ್ಲಿ ಕೂತು ಅಳುವ ಜಾಗ. ಅದನ್ನು ನೀವು ಕೊಟ್ಟಿದ್ದೀರಿ. ಉಂಡೆಯ ಡಬ್ಬಿಯನ್ನು ಮಾತ್ರ ಈಗ ಒಳಗಿಡಿ.

ಅಡುಗೆಮನೆಯಲ್ಲಿ ದೊಡ್ಡ ಕ್ರಾಂತಿ ಬೇಡ. ದಿನಕ್ಕೆ ನಾಲ್ಕು ಕಾಫಿ ಕುಡಿಯುವವರಾದರೆ, ಲೋಟಕ್ಕೆ ಎರಡು ಚಮಚದಂತೆ ಎಂಟು ಚಮಚ, ಸುಮಾರು 40 ಗ್ರಾಂ ಸಕ್ಕರೆ ಅಲ್ಲೇ ಆಯಿತು. ಬೆಲ್ಲ ಹಾಕಿದರೂ ಅಷ್ಟೇ, ರಕ್ತಕ್ಕೆ ಬೆಲ್ಲ ಬೇರೆ ಸಕ್ಕರೆ ಬೇರೆ ಎಂಬ ಭೇದ ಗೊತ್ತಿಲ್ಲ. ರಾಗಿ ಒಳ್ಳೆಯದೆಂದು ತೆಂಗಿನಕಾಯಿ ಗಾತ್ರದ ಎರಡು ಮುದ್ದೆ ನುಂಗಿದರೆ ಅದೂ ಪಿಷ್ಟವೇ. ಮುದ್ದೆ ಒಂದಿರಲಿ, ಚಿಕ್ಕದಿರಲಿ, ಅದರ ಜೊತೆ ಮೊಳಕೆ ಹುರುಳಿಯ ಸಾರು, ಬಸ್ಸಾರು, ಮೊಟ್ಟೆ ತಿನ್ನುವವರಾದರೆ ಮೊಟ್ಟೆ, ತಟ್ಟೆಯ ಅರ್ಧಕ್ಕೆ ಪಲ್ಯ. ಊಟದ ಮೊದಲ ತುತ್ತು ಪಲ್ಯದ್ದಾಗಿರಲಿ. ರಾತ್ರಿ ಊಟವಾದ ಕೂಡಲೇ ಧಾರಾವಾಹಿಗೆ ಕೂರದೆ ಕಾಲು ಗಂಟೆ ಬೀದಿಯಲ್ಲಿ ನಡೆಯಿರಿ. ನಡೆಯುವ ಮಾಂಸಖಂಡ ಸಕ್ಕರೆಯನ್ನು ಇನ್ಸುಲಿನ್‌ನ ಹಂಗಿಲ್ಲದೆಯೂ ಎಳೆದುಕೊಳ್ಳುತ್ತದೆ. ನಾಲ್ಕೈದು ತಿಂಗಳಲ್ಲಿ ನಾಲ್ಕು ಕೆ.ಜಿ. ಇಳಿದರೆ ನನಗೆ ಸಾಕು, 57ಕ್ಕೆ ಹಿಂತಿರುಗಬೇಕಿಲ್ಲ. ತೂಕ ಇಳಿದರೆ ಗರ್ಭ ನಿಂತೇ ನಿಲ್ಲುತ್ತದೆಂದು ಮಾತು ಕೊಡಲಾರೆ. ಮುಟ್ಟು ಸರಿಯಾಗಲು, ಗರ್ಭಿಣಿಯಾದಾಗ ಸಕ್ಕರೆ, ಬಿ.ಪಿ. ಕಾಡದಿರಲು ಅದು ಖಂಡಿತ ನೆರವಾಗುತ್ತದೆ.

ಮೆಟ್‌ಫಾರ್ಮಿನ್ ಕೊಟ್ಟರೆ ಬೇಡವೆನ್ನಬೇಡಿ. ಅದು ಸಕ್ಕರೆಗೆ, ಮುಟ್ಟಿಗೆ ಒಳ್ಳೆಯದು, ಆದರೆ ಗರ್ಭಪಾತ ತಡೆಯುವ ಮಾತ್ರೆ ಎಂದು ತಿಳಿಯಬೇಡಿ. ಬಹುಕಾಲ ತೆಗೆದುಕೊಂಡರೆ ಬಿ12 ಇಳಿಸುತ್ತದೆ, ಸಸ್ಯಾಹಾರಿಗಳಲ್ಲಿ ಅದು ಮೊದಲೇ ಕಡಿಮೆ. ಮೈಸೂರಿನವರು ಮಿಷನ್ ಆಸ್ಪತ್ರೆ ಎನ್ನುವ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1997–98ರ ಹೊತ್ತಿಗೆ ಗರ್ಭಿಣಿಯರ ಮೇಲೆ ನಡೆದ ಪಾರ್ಥೆನಾನ್ ಅಧ್ಯಯನದಲ್ಲಿ 100ರಲ್ಲಿ 43 ಮಂದಿಗೆ ಬಿ12 ಕೊರತೆಯಿತ್ತು. ಕೊರತೆ ಇದ್ದವರಲ್ಲಿ ಗರ್ಭಿಣಿಯರ ಮಧುಮೇಹವೂ ಹೆಚ್ಚಿತ್ತು. ನಮ್ಮದೇ ಊರಿನ ಹೆಂಗಸರ ರಕ್ತ ಹೇಳಿದ ಮಾತಿದು. ಬಿ12 ಒಮ್ಮೆ ನೋಡಿಸಿ. ಫೋಲಿಕ್ ಆಸಿಡ್ ಈಗಿನಿಂದಲೇ ಶುರುವಾಗಲಿ, ನಿಮಗೆ ಎಷ್ಟು ಮಿಲಿಗ್ರಾಂ ಎಂದು ನಿಮ್ಮ ವೈದ್ಯರು ನಿರ್ಧರಿಸಲಿ.

'ಗರ್ಭ ನಿಲ್ಲುವ ಇಂಜೆಕ್ಷನ್' ಎಂದರೆ ಪ್ರೊಜೆಸ್ಟರಾನ್ ಎಂಬ ಹಾರ್ಮೋನು. 2015ರ ಪ್ರಾಮಿಸ್ ಪ್ರಯೋಗದಲ್ಲಿ, ಕಾರಣ ತಿಳಿಯದೆ ಪದೇ ಪದೇ ಗರ್ಭ ಕಳೆದುಕೊಂಡ 836 ಹೆಂಗಸರಲ್ಲಿ ಅರ್ಧದಷ್ಟು ಮಂದಿಗೆ ಅದನ್ನೂ ಉಳಿದವರಿಗೆ ಹುಸಿ ಔಷಧವನ್ನೂ ಕೊಟ್ಟು ನೋಡಿದರು. ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. 2019ರ ಪ್ರಿಸಂ ಪ್ರಯೋಗದಲ್ಲಿ, ಮೂರು ಅಥವಾ ಹೆಚ್ಚು ಸಲ ಕಳೆದುಕೊಂಡಿದ್ದು ಈ ಸಲ ರಕ್ತ ಕಾಣಿಸಿಕೊಂಡವರಲ್ಲಿ ಮಾತ್ರ ಲಾಭ ಎದ್ದು ಕಂಡಿತು, 100ಕ್ಕೆ 57ರ ಬದಲು 72 ಮಂದಿಗೆ ಮಗು. ಹಾಗಾಗಿ ಮೊದಲೇ ಹಾಕಿಸಿಕೊಳ್ಳುವುದು ಬೇಡ, ಮುಂದಿನ ಸಲ ಒಂದು ಹನಿ ಕೆಂಪು ಕಂಡರೆ ಆ ದಿನವೇ ಆಸ್ಪತ್ರೆಗೆ ಹೋಗಿ. ಇನ್ನೊಂದು ಅಂಕಿಯನ್ನು ಬೇಕೆಂದೇ ಕೊನೆಗೆ ಉಳಿಸಿಕೊಂಡಿದ್ದೆ. ಆ ಮೊದಲ ಪ್ರಯೋಗದಲ್ಲಿ ಬರಿಯ ಹುಸಿ ಔಷಧ ಪಡೆದವರಲ್ಲೇ 100ಕ್ಕೆ 63 ಮಂದಿ ಮಗುವನ್ನು ಮನೆಗೆ ತಂದರು. ನಿಮ್ಮ ಗರ್ಭಕೋಶಕ್ಕೆ ಶಕ್ತಿಯಿಲ್ಲ ಎಂದು ಯಾರಾದರೂ ಅಂದರೆ ಈ ಪುಟವನ್ನು ತೋರಿಸಿ.

ಮತ್ತೆ ಪ್ರಯತ್ನ ಶುರು ಮಾಡಿದ ಮೇಲೆ 40 ದಿನ ದಾಟಿದರೆ ಮೂತ್ರ ಪರೀಕ್ಷೆ ಮಾಡಿಕೊಳ್ಳಿ. ನಿಮ್ಮದು ಉದ್ದದ ಮುಟ್ಟಾದ್ದರಿಂದ ಲೆಕ್ಕದ ಏಳನೇ ವಾರ ನಿಜಕ್ಕೆ ಐದಿರಬಹುದು. ಬಡಿತ ಕಾಣಲಿಲ್ಲವೆಂದು ಅಂದೇ ಸ್ವಚ್ಛ ಮಾಡಲು ಬಿಡದೆ ವಾರ ಹತ್ತು ದಿನ ಬಿಟ್ಟು ಮತ್ತೆ ಸ್ಕ್ಯಾನ್ ಕೇಳಿ. ಹಾಂ, ಯಜಮಾನರ ತೂಕ, ಸಕ್ಕರೆ, ಸಿಗರೇಟಿನ ಬಗ್ಗೆ ಪತ್ರದಲ್ಲಿ ಒಂದಕ್ಷರವಿಲ್ಲ. ಭ್ರೂಣದಲ್ಲಿ ಅರ್ಧ ಅವರದೇ ತಾನೇ? ರಾತ್ರಿಯ ನಡಿಗೆಗೆ ಅವರೂ ಬರಲಿ.

ಪ್ರಶ್ನೆ: ನನ್ನ ಹೆಂಡತಿಗೆ 34 ವರ್ಷ, ನಾಲ್ಕು ವರ್ಷದಿಂದ ಸಕ್ಕರೆ ಕಾಯಿಲೆ. ಎರಡು ಸಲ ಗರ್ಭಪಾತವಾಗಿದೆ. ಈಗ ಎಚ್‌ಬಿಎ1ಸಿ 8.6. ಅದು ಇಳಿಯುವ ತನಕ ಗರ್ಭನಿರೋಧಕ ಬಳಸಿ ಎಂದು ಡಾಕ್ಟರು ಹೇಳುತ್ತಾರೆ. ವಯಸ್ಸು ಮೀರುತ್ತಿದೆ, ಇದೇನು ಉಲ್ಟಾ ಚಿಕಿತ್ಸೆ ಎಂದು ನಮ್ಮ ತಾಯಿ ಬೇಸರಿಸುತ್ತಾರೆ. ಸಕ್ಕರೆಯ ಜೊತೆ ಬಿ.ಪಿ.ಗೆ ರಾಮಿಪ್ರಿಲ್, ಕೊಬ್ಬಿಗೆ ಅಟೊರ್ವಾಸ್ಟಾಟಿನ್ ನಡೆಯುತ್ತಿದೆ.
– ಓದುಗ, ಹಾವೇರಿ

ಉತ್ತರ: ನಿಮ್ಮ ಡಾಕ್ಟರು ಸರಿಯಾಗಿಯೇ ಹೇಳಿದ್ದಾರೆ. 6.5ರ ಕೆಳಗೆ ಬಂದ ಮೇಲೆ ನಿಲ್ಲುವ ಗರ್ಭಕ್ಕೂ 8.6ರಲ್ಲಿ ನಿಲ್ಲುವ ಗರ್ಭಕ್ಕೂ ಬಹಳ ಅಂತರವಿದೆ. ಈ ಪರೀಕ್ಷೆ ಹಿಂದಿನ ಸುಮಾರು ಮೂರು ತಿಂಗಳ ಲೆಕ್ಕ ಹೇಳುವುದರಿಂದ ಇಂದು ಶುರು ಮಾಡಿದ್ದು ಕಾಣಲು ಅಷ್ಟು ಸಮಯ ಬೇಕೇ ಬೇಕು. 34ರಲ್ಲಿ ಅಷ್ಟು ಕಾಯುವುದರಿಂದ ಕಳೆದುಕೊಳ್ಳುವುದು ಕಡಿಮೆ, ಇನ್ನೊಂದು ಗರ್ಭಪಾತದಲ್ಲಿ ಕಳೆಯುವ ತಿಂಗಳುಗಳೇ ಹೆಚ್ಚು. ರಾಮಿಪ್ರಿಲ್, ಅಟೊರ್ವಾಸ್ಟಾಟಿನ್ ಗರ್ಭಿಣಿಗೆ ಸಲ್ಲುವ ಮಾತ್ರೆಗಳಲ್ಲ. ನೀವಾಗಿ ನಿಲ್ಲಿಸಬೇಡಿ, ಪ್ರಯತ್ನಕ್ಕೆ ಮೊದಲೇ ಡಾಕ್ಟರಿಂದ ಬದಲಾಯಿಸಿಕೊಳ್ಳಿ. ಕಣ್ಣಿನ ಅಕ್ಷಿಪಟ, ಮೂತ್ರಪಿಂಡದ ಪರೀಕ್ಷೆಯೂ ಈಗಲೇ ಆಗಲಿ, ಗರ್ಭದಲ್ಲಿ ಕಣ್ಣಿನ ತೊಂದರೆ ಉಲ್ಬಣಿಸಬಹುದು. ಇನ್ಸುಲಿನ್ ಬರೆದರೆ ಹೆದರಬೇಡಿ. ತಾಯಿಗೆ ತಿಳಿಸಿ ಹೇಳುವ ಕೆಲಸ ನಿಮ್ಮದು, ಅದನ್ನು ಹೆಂಡತಿಯ ತಲೆಗೆ ಕಟ್ಟಬೇಡಿ.

ಪ್ರಶ್ನೆ: ಬೆಂಗಳೂರಿನಲ್ಲಿ ಗಾರ್ಮೆಂಟ್ಸ್ ಕೆಲಸ. ಹೋದ ತಿಂಗಳು ಎರಡನೇ ಸಲ ಗರ್ಭ ಹೋಯಿತು, ಹತ್ತನೇ ವಾರ. ನಾಲ್ಕೇ ದಿನಕ್ಕೆ ಕೆಲಸಕ್ಕೆ ಕರೆದರು. ಆಸ್ಪತ್ರೆಯ ಚೀಟಿ ತೋರಿಸಿದರೆ, 'ಅಬಾರ್ಷನ್ ಮಾಡಿಸಿಕೊಂಡು ರಜೆ ಕೇಳುತ್ತೀಯಾ' ಎಂದರು. ನಮಗೆ ರಜೆ ಇದೆಯೇ?
– ಒಬ್ಬ ಸಹೋದರಿ

ಉತ್ತರ: ಇದೆಯಮ್ಮಾ. ಗರ್ಭಪಾತವಾದ ದಿನದ ಬೆನ್ನಿಗೆ ಆರು ವಾರ, ಸಂಬಳ ಸಹಿತ. 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲೇ ಇದ್ದ ಹಕ್ಕು, ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಮುಂದುವರಿದಿದೆ. ಇ.ಎಸ್.ಐ. ಕಾರ್ಡ್ ಇದ್ದವರಿಗೆ ಆ ಹಣ ಇ.ಎಸ್.ಐ.ಯಿಂದ ಬರುತ್ತದೆ. ಎರಡನೇ ಸಲವಾದ್ದರಿಂದ ಇದೇ ರಜೆಯಲ್ಲಿ ಸಕ್ಕರೆ, ಥೈರಾಯ್ಡ್ ಮತ್ತು ಮೇಲೆ ಬರೆದ ಪ್ರತಿಕಾಯದ ಪರೀಕ್ಷೆಯನ್ನೂ ಮಾಡಿಸಿ. ಮೂರನೆಯದಕ್ಕೆ ಕಾಯುವ ಹಳೆಯ ಪದ್ಧತಿಯನ್ನು ಈಗ ಬಹಳ ಮಂದಿ ವೈದ್ಯರು ಬಿಟ್ಟಿದ್ದಾರೆ.

ಚೀಟಿಯಲ್ಲಿ 'ಸ್ಪಾಂಟೇನಿಯಸ್ ಅಬಾರ್ಷನ್' ಎಂದು ಬರೆದಿರುತ್ತಾರೆ. ವೈದ್ಯರ ಭಾಷೆಯಲ್ಲಿ ಅದರ ಅರ್ಥ ತಾನಾಗಿ ಆದದ್ದು, ಮಾಡಿಸಿಕೊಂಡದ್ದಲ್ಲ. ಮೇಲ್ವಿಚಾರಕರು ಎರಡನೇ ಪದವನ್ನಷ್ಟೇ ಓದಿದ್ದಾರೆ. ಆಸ್ಪತ್ರೆಗೆ ಇನ್ನೊಮ್ಮೆ ಹೋಗಿ, ದಿನಾಂಕ, ವಾರ ಮತ್ತು 'ತಾನಾಗಿ ಆದ ಗರ್ಭಪಾತ' ಎಂಬ ಮಾತು ಕನ್ನಡದಲ್ಲೇ ಇರುವ ಪ್ರಮಾಣಪತ್ರವನ್ನು ಮೊಹರು ಹಾಕಿಸಿ ತನ್ನಿ. ಅದರ ಒಂದು ಪ್ರತಿ ನಿಮ್ಮ ಬಳಿ ಇರಲಿ.